ಕೆಂಪು ತಿರುಗಿದ ಬೋಲ್ಟ್

"ಮುಂದಿನ ಚಕ್ರ ಇನ್ನೊಂದು ಮೆಟ್ಟಿಲು ಮೇಲಕ್ಕೆ ಬೇಕು ಸಾರ್," ಎಂದಳು ಭವ್ಯಾ. "ರೇಡಿಯೇಟರ್ ಮುಚ್ಚಳ ಎಲ್ಲಕ್ಕಿಂತ ಎತ್ತರದಲ್ಲಿರ್ಬೇಕು. ಇಲ್ಲದಿದ್ರೆ ಏರ್ ಒಳಗೇ ಕೂತ್ಬಿಡುತ್ತೆ."

ಇಬ್ಬರು ಪೇದೆಗಳು ಏದುಸಿರು ಬಿಡುತ್ತ ಬೈಕಿನ ಮೂತಿಯನ್ನು ಎತ್ತಿ ಜಗಲಿಯ ಮೇಲಿನ ಮೆಟ್ಟಿಲಿಗೆ ಏರಿಸಿದರು. ಮೂಡಿಗೆರೆ ಠಾಣೆಯ ಹಿಂದಿನ ಅಂಗಳದಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ. ನಿನ್ನೆ ಸಂಜೆ ಬಂಧಿಸಿದ ಭವ್ಯಾಳನ್ನು ನಾಲ್ಕಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ನನ್ನ ಬಾಯಿಂದ ಗಟ್ಟಿಯಾದ ಮಾತೊಂದು ಬರದಿದ್ದರೆ ಕೊಲೆಯತ್ನದ ಆರೋಪದ ಮೇಲೆ ಅವಳು ಜೈಲಿಗೆ ಹೋಗುತ್ತಾಳೆ.

ಹೋದ ಭಾನುವಾರ ಹೊನ್ನೆಕಾಡು ಎಸ್ಟೇಟಿನ ರೇಸಿನಲ್ಲಿ, ಇಳಿಜಾರಿನ ನಡುವೆ ಸುರೇಂದ್ರನ ಡರ್ಟ್ ಬೈಕಿನ ಇಂಜಿನ್ ಬಿಸಿಯಾಗಿ ಬಿಗಿದುಕೊಂಡಿತ್ತು. ಹಿಂದಿನ ಚಕ್ರ ನಿಂತಲ್ಲೇ ನಿಂತಿತು. ಸುರೇಂದ್ರ ಸಿಲ್ವರ್ ಓಕ್ ಮರಕ್ಕೆ ತಲೆ ಬಡಿದುಕೊಂಡು, ಐದು ದಿನಗಳಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಆ ಇಂಜಿನ್ನನ್ನು ವಾರದ ಹಿಂದೆ ಬಿಚ್ಚಿ ಜೋಡಿಸಿದವಳು ಭವ್ಯಾ.

ನಾನು ನಿರಂಜನ. ಮೂವತ್ತೊಂದು ವರ್ಷ ಮೋಟಾರು ವಾಹನ ನಿರೀಕ್ಷಕನಾಗಿದ್ದು, ಈಗ ಕಳಸದಲ್ಲಿ ಒಂದೂವರೆ ಎಕರೆ ಅಡಿಕೆ ನೋಡಿಕೊಂಡು ತೆಪ್ಪಗೆ ಇರಬೇಕಾದವನು. ಆದರೆ ಸಬ್ ಇನ್‌ಸ್ಪೆಕ್ಟರ್ ಪವಿತ್ರಾ ಫೋನು ಮಾಡಿದರೆ ಸಾಕು, ಮಂಡಿನೋವು ಮರೆತು ಮೊದಲ ಬಸ್ಸು ಹತ್ತುತ್ತೇನೆ. ಈ ಚಟಕ್ಕೆ ಮನೆಯಲ್ಲಿ ಬೈಸಿಕೊಳ್ಳುವುದೂ ಅಭ್ಯಾಸವಾಗಿದೆ.

ಮೆಟ್ಟಿಲಿಗೆ ಏರಿಸಿದ್ದು ಬಿದ್ದ ಬೈಕಲ್ಲ. ಅದೇ ಮಾದರಿಯ ಇನ್ನೊಂದನ್ನು ಅವಳ ಗ್ಯಾರೇಜಿನಿಂದ ನಾನೇ ತರಿಸಿದ್ದೆ. ಇಂಜಿನ್ ಕೆಲಸ ಆದ ಮೇಲೆ ನೀನು ಏರ್ ತೆಗೆಯುವುದು ಹೇಗೆಂದು ಬಾಯಲ್ಲಿ ಹೇಳಬೇಡ, ಮಾಡಿ ತೋರಿಸು ಎಂದಿದ್ದೆ. ಸುಳ್ಳು ಹೇಳುವ ಬಾಯಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೈ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಭವ್ಯಾಳ ಕೈಗೆ ಅವಸರವಿರಲಿಲ್ಲ. ಇಂಜಿನ್ ತಂಪಾಗಿಡುವ ನೀಲಿ ಕೂಲಂಟನ್ನು ಸಣ್ಣ ಧಾರೆಯಾಗಿ ಮುಚ್ಚಳದ ಬಾಯಿಗೆ ಹೊಯ್ದಳು. ಕೆಳಗಿನ ರಬ್ಬರ್ ಹೋಸನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಒಳಗಿನಿಂದ ಗುಳುಗುಳು ಎಂದು ಗುಳ್ಳೆಗಳು ಎದ್ದವು. ಆಮೇಲೆ ಇಂಜಿನ್ನಿನ ತಲೆಯಲ್ಲಿದ್ದ ಸಣ್ಣ ಬೋಲ್ಟನ್ನು ಒಂದು ಸುತ್ತು ಸಡಿಲಿಸಿದಳು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ನೊರೆ, ಕೊನೆಗೆ ಬರೀ ಕೂಲಂಟ್. ಬೋಲ್ಟ್ ಬಿಗಿದು, ಇಂಜಿನ್ ಶುರು ಮಾಡಿ, ಬಿಸಿಯಾಗುವವರೆಗೆ ಕಾದು, ಮಟ್ಟ ಇಳಿದದ್ದನ್ನು ತೋರಿಸಿ ಮತ್ತಷ್ಟು ತುಂಬಿದಳು.

ಏರ್ ಉಳಿದರೆ ಏನಾಗುತ್ತದೆಂದು ಪವಿತ್ರಾ ಕೇಳಿದರು. ಗಾಳಿ ಕೂತ ಜಾಗಕ್ಕೆ ಕೂಲಂಟ್ ಹೋಗುವುದಿಲ್ಲ, ಅಷ್ಟು ಜಾಗ ಕೆಂಡದ ಹಾಗೆ ಕಾಯುತ್ತದೆ, ಹತ್ತು ನಿಮಿಷದಲ್ಲಿ ಇಂಜಿನ್ ಕಚ್ಚಿಕೊಳ್ಳುತ್ತದೆ ಎಂದು ನಾನು ವಿವರಿಸಿದೆ. ಸುರೇಂದ್ರ ಬಿದ್ದದ್ದು ರೇಸು ಶುರುವಾದ ಒಂಬತ್ತನೇ ನಿಮಿಷಕ್ಕೆ. ಹಾಗೆ ವಿವರಿಸಿ ಹುಡುಗಿಗೆ ನಾನು ಉಪಕಾರ ಮಾಡಿದೆನೋ ಅಪಕಾರವೋ ನನಗೇ ತಿಳಿಯಲಿಲ್ಲ.

ಕೊನೆಗೆ ಭವ್ಯಾ ಜೇಬಿನಿಂದ ಉಗುರಿಗೆ ಹಚ್ಚುವ ಬಣ್ಣದ ಪುಟ್ಟ ಶೀಶೆ ತೆಗೆದಳು. ಎಡಗೈಯಲ್ಲಿ ಕುಂಚ ಹಿಡಿದು ಬೋಲ್ಟಿನ ತಲೆಯ ಮೇಲಿಂದ ಇಂಜಿನ್ನಿನ ಮೇಲಕ್ಕೆ ತುಸು ಓರೆಯಾಗಿ ಒಂದೇ ಗೆರೆ ಎಳೆದಳು.

"ಏರ್ ತೆಗೆದಾದ್ಮೇಲೇ ಈ ಗೆರೆ ಹಾಕೋದು ಸಾರ್. ಯಾರಾದ್ರೂ ಬೋಲ್ಟ್ ತಿರುಗ್ಸಿದ್ರೆ ಗೆರೆ ಮುರಿಯುತ್ತೆ. ಸುರೇಂದ್ರನ ಗಾಡಿಗೂ ಹಾಕಿದೀನಿ. ನೀವೇ ನೋಡಿ."

ಜಗಲಿಯ ತುದಿಯಲ್ಲಿ ಅವಳ ಅಪ್ಪ ಬೊಮ್ಮಯ್ಯ ಬೆಳಿಗ್ಗೆಯಿಂದ ಕೂತಿದ್ದರು. ಹೊನ್ನೆಕಾಡಿನಲ್ಲಿ ಔಷಧಿ ಸಿಂಪಡಿಸುವ ಆಳುಗಳ ಮೇಸ್ತ್ರಿ ಅವರು. ಮಗಳಿಗೆಂದು ತಂದ ಊಟದ ಡಬ್ಬಿ ತೊಡೆಯ ಮೇಲೆ ಹಾಗೇ ಇತ್ತು. ಡಬ್ಬಿ ಹಿಡಿದ ಬೆರಳುಗಳ ಉಗುರೆಲ್ಲ ನೀಲಿ. ಮಳೆಗಾಲಕ್ಕೆ ಮೊದಲು ಕಾಫಿಗೆ ನೀಲಿ ಬೋರ್ಡೋ ಔಷಧಿ ಹೊಡೆಯುವ ದಿನಗಳಲ್ಲಿ ಈ ಸೀಮೆಯ ಅರ್ಧ ಜನರ ಉಗುರು ಹಾಗೇ ಇರುತ್ತದೆ, ನಾನು ಎರಡನೇ ಸಲ ನೋಡಲಿಲ್ಲ.

ಅಂಗಳದ ಮೂಲೆಯಲ್ಲಿಟ್ಟಿದ್ದ ಸುರೇಂದ್ರನ ಬೈಕಿನ ಮೇಲಿನ ಟಾರ್ಪಾಲು ಸರಿಸಿದೆ. ಬಿದ್ದ ಬೈಕಿನ ಹ್ಯಾಂಡಲ್ ಸೊಟ್ಟಗಾಗಿತ್ತು. ಅದಕ್ಕೊಂದು ಹಳದಿ ದಾರ, ದಾರದಲ್ಲಿ ಒಣಗಿದ ತುಳಸಿಯ ಕುಡಿ. ಇದು ಯಾರು ಕಟ್ಟಿದ್ದೆಂದು ಕೇಳಿದೆ. ಭವ್ಯಾ ತಲೆ ತಗ್ಗಿಸಿ, ರೇಸಿಗೆ ಮೊದಲು ಎಲ್ಲರೂ ಏನಾದರೊಂದು ಕಟ್ಟುತ್ತಾರೆ ಎಂದಳು. ಅಲ್ಲಿಯವರೆಗೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದವಳು ಈ ಒಂದು ಮಾತಿಗೆ ಮಾತ್ರ ನೆಲ ನೋಡಿದ್ದು ನನಗೆ ಹಿಡಿಸಲಿಲ್ಲ.

ಬೋಲ್ಟಿನ ಮೇಲೆ ಗೆರೆಯಿತ್ತು. ಅದೇ ಬಣ್ಣ, ಅದೇ ಎಡಗೈಯ ಓರೆ. ಕೂದಲೆಳೆಯಷ್ಟೂ ಮುರಿದಿರಲಿಲ್ಲ.

ನನಗಾದ ಸಮಾಧಾನ ಅರ್ಧ ನಿಮಿಷವೂ ಉಳಿಯಲಿಲ್ಲ. ಪವಿತ್ರಾ ಒಳ್ಳೆಯ ಅಧಿಕಾರಿ, ಒಳ್ಳೆಯ ಅಧಿಕಾರಿಗಳ ಜತೆ ಇದೇ ತೊಂದರೆ. ಗೆರೆ ಇದ್ದ ಮಾತ್ರಕ್ಕೆ ಏರ್ ತೆಗೆದಿದ್ದಾಳೆ ಅಂತ ಆಗಲಿಲ್ಲವಲ್ಲ, ಬೋಲ್ಟ್ ಬಿಗಿದಿದ್ದಾಳೆ ಅಂತ ಮಾತ್ರ ಆಯಿತು ಎಂದರು. ಅದರ ಮೇಲೆ ಶನಿವಾರ ಸುರೇಂದ್ರ ಎಲ್ಲರೆದುರು ಇವಳ ಕೆಲಸವನ್ನು ಹೀಯಾಳಿಸಿದ್ದ. ಈ ಗಾಡಿಯೇ ನಿನಗೆ ಬುದ್ಧಿ ಕಲಿಸುತ್ತೆ ಎಂದು ಇವಳೂ ತಿರುಗಿ ಅಂದಿದ್ದಳು. ಆ ಮಾತನ್ನು ಸುರೇಂದ್ರನ ಹೆಂಡತಿ ಕೃತಿಕಾ ದೂರಿನಲ್ಲಿ ಅಕ್ಷರಶಃ ಬರೆದಿದ್ದಳು.

"ಶನಿವಾರ ಒಂದೂವರೆ ಗಂಟೆ ಪ್ರಾಕ್ಟೀಸ್ ಮಾಡಿದ್ದಾನೆ ಮೇಡಂ," ಎಂದೆ. "ಏರ್ ಇದ್ದಿದ್ರೆ ಅವತ್ತೇ ಕಚ್ಚಿಕೊಳ್ಬೇಕಿತ್ತು."

"ಅದು ನಿಮ್ಮ ಅಭಿಪ್ರಾಯ ಸಾರ್. ನಂಗೆ ಕೈಲಿ ಹಿಡಿಯುವಂಥದ್ದು ಬೇಕು."

ಎರಡೂ ನಲವತ್ತು. ನಾನು ಮಂಡಿಯೂರಿ ಕೂತು, ಫೋಟೋ ತೆಗೆಸಿ, ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಗೆರೆ ಮುರಿಯಿತು. ಬೋಲ್ಟ್ ಹೊರಗೆ ಬಂತು. ತುದಿಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದೆ.

ಒಂದು ಬದಿ ಸುಟ್ಟು ಕರ್ರಗಾಗಿತ್ತು. ಇನ್ನೊಂದು ಬದಿ ಕೆಂಪಗಿತ್ತು. ತುಕ್ಕಿನ ಕೆಂಪಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನ ಕೆಂಪು.

ಜಗಲಿಯ ಮೇಲೆ ಊಟದ ಡಬ್ಬಿ ಉರುಳಿದ ಸದ್ದಾಯಿತು. ಬೊಮ್ಮಯ್ಯ ಎದ್ದು ನಿಂತಿದ್ದರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಬೋಲ್ಟಿನ ಮೇಲಿತ್ತು.

ಆಗ ನನ್ನ ಮಂದ ತಲೆಗೆ ಹೊಳೆಯಿತು. ನಮ್ಮಪ್ಪ ಅಡಿಕೆಗೆ ಬೋರ್ಡೋ ಹೊಡೆಸುವಾಗ ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ತಿಳಿ ಬೆರೆಸಿ, ಕೊನೆಗೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಿದ್ದರು. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಬೆಳ್ಳಗೇ ಉಳಿದರೆ ಹದವಾಗಿದೆ, ಹೊಡಿ. ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣ ಕಂಡರೆ ಹೋಗಿ ಅಂಟಿಕೊಳ್ಳುತ್ತದೆ. ಇದನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ, ಔಷಧಿ ಹೊಡೆದವರಿಗೆಲ್ಲ ಗೊತ್ತು.

ಪೇದೆಯೊಬ್ಬನನ್ನು ಎರಡು ಗಾಜಿನ ಲೋಟ, ಎರಡು ಹೊಸ ಮೊಳೆ ತರಲು ಓಡಿಸಿದೆ. ಒಂದು ಲೋಟಕ್ಕೆ ಭವ್ಯಾಳ ಕ್ಯಾನಿನ ಕೂಲಂಟ್ ಹಾಕಿದೆ. ಇನ್ನೊಂದಕ್ಕೆ ಬಿದ್ದ ಬೈಕಿನ ಕೆಳಗಿನ ಹೋಸಿನಲ್ಲಿ ಉಳಿದಿದ್ದ ಗುಟುಕಷ್ಟು ನೀರು ಹಿಂಡಿದೆ. ಎರಡೂ ನೀಲಿ. ಪಕ್ಕದಲ್ಲಿಟ್ಟು ನೋಡಿದರೂ ಅಣ್ಣತಮ್ಮಂದಿರಂತಿದ್ದವು. ಐದು ದಿನದಿಂದ ಠಾಣೆಯಲ್ಲಿ ಯಾರೂ ಅನುಮಾನ ಪಡದಿದ್ದುದು ಅದಕ್ಕೇ.

ಎರಡರಲ್ಲೂ ಒಂದೊಂದು ಮೊಳೆ ಬಿಟ್ಟೆ. ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಕೊಟ್ಟಿಗೆಹಾರ, ಕೊಟ್ಟಿಗೆಹಾರ ಎಂದು ಜೀಪಿನವನು ಕೂಗುವುದು ಕೇಳುತ್ತಿತ್ತು.

ಐದು ನಿಮಿಷಕ್ಕೆ ಮೊಳೆಗಳನ್ನು ತೆಗೆದೆ. ಭವ್ಯಾಳ ಕೂಲಂಟಿನದು ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿತ್ತು. ಇನ್ನೊಂದು ಕೆಂಪು ತಿರುಗಿತ್ತು.

"ಬೋಲ್ಟ್ ಅಲ್ಲಾಡಿಲ್ಲ ಮೇಡಂ, ಗೆರೆ ನೀವೇ ನೋಡಿದ್ರಿ. ಆದ್ರೂ ತುದಿ ಕೆಂಪಾಗಿದೆ. ಅಂದ್ರೆ ಇವಳು ಕೆಲ್ಸ ಮುಗಿಸಿ ಗೆರೆ ಹಾಕಿದ್ಮೇಲೆ ಯಾರೋ ಕೆಳಗಿನ ಹೋಸ್ ಬಿಚ್ಚಿ ಕೂಲಂಟ್ ಖಾಲಿ ಮಾಡಿದಾರೆ. ಹೋಸ್ ಬಿಗಿಯೋ ಕ್ಲಿಪ್ಪಿನ ಮೇಲೆ ಸ್ಕ್ರೂಡ್ರೈವರ್ ಜಾರಿದ ಹೊಸ ಗೀರಿದೆ. ಆಮೇಲೆ ಮುಚ್ಚಳದಿಂದ ಮೈಲುತುತ್ತದ ನೀರು ಹೊಯ್ದಿದಾರೆ, ಬಣ್ಣ ಕೂಲಂಟಿನ ಹಾಗೇ ಕಾಣ್ಲಿ ಅಂತ. ಏರ್ ತೆಗೀಲಿಲ್ಲ. ತೆಗೀಬಾರ್ದು ಅಂತ್ಲೇ ತೆಗೀಲಿಲ್ಲ."

ಹೇಳಿ ಮುಗಿಸಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಈ ವಯಸ್ಸಿನಲ್ಲೂ ಮೊಳೆಯೊಂದು ಕೆಂಪಾದರೆ ಹಿಗ್ಗುವ ಮನುಷ್ಯ ನಾನು. ಭವ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು.

ಪವಿತ್ರಾ ಮಾತ್ರ ಫೋನು ಕೈಗೆತ್ತಿಕೊಂಡಿದ್ದರು.

ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಮಳೆ ಬಂದದ್ದರಿಂದ ಬೈಕುಗಳನ್ನು ಎಸ್ಟೇಟಿನ ಔಷಧಿ ಶೆಡ್ಡಿನಲ್ಲಿ ಇಟ್ಟು ಬೀಗ ಹಾಕಿದ್ದರು. ಸೋಮವಾರದ ಸಿಂಪಡಣೆಗೆಂದು ಅದೇ ಶೆಡ್ಡಿನ ಡ್ರಮ್ಮಿನಲ್ಲಿ ಮೈಲುತುತ್ತದ ಚೀಲ ನೆನೆಯಲು ಇಳಿಬಿಟ್ಟಿದ್ದರು. ಸುಣ್ಣ ಇನ್ನೂ ಬೆರೆಸಿರಲಿಲ್ಲ. ಇಷ್ಟನ್ನೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೆಳ್ಳಿಯಪ್ಪ ಫೋನಿನಲ್ಲಿ ಒಪ್ಪಿಕೊಂಡ. ಶೆಡ್ಡಿಗೆ ಎರಡೇ ಬೀಗದ ಕೈ. ಒಂದು ಅವನ ಹತ್ತಿರ, ಅವನು ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಕೊಪ್ಪದಲ್ಲಿ ತಂಗಿಯ ಮದುವೆಯಲ್ಲಿದ್ದ. ಇನ್ನೊಂದು ಔಷಧಿ ಮೇಸ್ತ್ರಿಯ ಹತ್ತಿರ.

ಪವಿತ್ರಾ ಫೋನು ಇಟ್ಟರು. ನಾವೆಲ್ಲ ಬೊಮ್ಮಯ್ಯನ ಕಡೆ ತಿರುಗಿದೆವು.

ಅವರು ಆಗಲೇ ಜಗಲಿ ಇಳಿದು ಬಂದಿದ್ದರು. ಚೆಲ್ಲಿದ ಅನ್ನ ಅವರ ಕಾಲಿಗೆ ಮೆತ್ತಿತ್ತು.

"ನಾನೇ ಮಾಡಿದ್ದು ಮೇಡಮ್ಮೋರೆ. ನನ್ ಮಗಳನ್ನ ಅಷ್ಟು ಜನರ ಎದುರು ಹೀಯಾಳಿಸ್ದ. ತಡ್ಕಳಕ್ಕಾಗ್ಲಿಲ್ಲ. ಬರ್ಕಳಿ."

"ಅಪ್ಪ," ಎಂದಳು ಭವ್ಯಾ.

ಪವಿತ್ರಾ ಕಾಗದ ತೆಗೆದರು. ನನಗೆ ಮೈಯೆಲ್ಲ ಉರಿಯಿತು. ಬೊಮ್ಮಯ್ಯನ ಮೇಲಲ್ಲ, ನನ್ನ ಮೊಳೆಗಳ ಮೇಲೆ. ಮಗಳನ್ನು ಬಿಡಿಸಲು ಹೋಗಿ ಅಪ್ಪನನ್ನು ಒಳಗೆ ಹಾಕಿದ್ದೆ.

"ಬೊಮ್ಮಯ್ಯ, ಹೇಗೆ ಹಾಕಿದ್ರಿ ಹೇಳಿ," ಎಂದೆ.

"ಡ್ರಮ್ಮಿಂದ ತಂಬಿಗೇಲಿ ತೆಗ್ದೆ. ಮೇಲಿನ್ ಬೋಲ್ಟ್ ಬಿಚ್ಚಿ, ಅಲ್ಲಿಂದ ಹುಯ್ದೆ."

"ಯಾವ ಬೋಲ್ಟು?"

ಅವರು ನನ್ನ ಕೈಯಲ್ಲಿದ್ದ ಬೋಲ್ಟನ್ನೇ ತೋರಿಸಿದರು.

ನಾನು ಅವರ ಹೆಗಲ ಮೇಲೆ ಕೈಯಿಟ್ಟೆ. ಇಬ್ಬರೂ ಮುದುಕರೇ. ಈ ಬೋಲ್ಟನ್ನು ಯಾರೂ ಬಿಚ್ಚಿಲ್ಲ, ನಾನೇ ಮೊದಲು ಬಿಚ್ಚಿದವನು ಎಂದೆ. ಅಷ್ಟೇ ಅಲ್ಲ, ನಲವತ್ತು ವರ್ಷ ಬೋರ್ಡೋ ಹದ ಮಾಡಿದ ಮನುಷ್ಯ, ದಿನಾ ಕತ್ತಿ ಅದ್ದಿ ನೋಡುವವನು, ಕಬ್ಬಿಣದ ಮೇಲೆ ಗುರುತು ಬಿಡುವ ಆ ನೀರನ್ನು ಕದ್ದುಮುಚ್ಚಿ ಮಾಡುವ ಕೆಲಸಕ್ಕೆ ಬಳಸುತ್ತಾನೆಯೇ? ಮೈಲುತುತ್ತದ ಬಣ್ಣ ಈ ಊರಲ್ಲಿ ಎಲ್ಲರಿಗೂ ಗೊತ್ತು. ಅದು ಕಬ್ಬಿಣಕ್ಕೆ ಏನು ಮಾಡುತ್ತದೆನ್ನುವುದು ಅದರಲ್ಲಿ ಕೈಯಿಟ್ಟವರಿಗೆ ಮಾತ್ರ ಗೊತ್ತು. ಇದು ಡ್ರಮ್ಮನ್ನು ದೂರದಿಂದ ನೋಡಿ ಬೆಳೆದವರ ಕೆಲಸ.

ಇಷ್ಟು ಹೇಳಿ ನಾಲಿಗೆ ಕಚ್ಚಿಕೊಂಡೆ. ಪವಿತ್ರಾ ಕಾಗದದಿಂದ ತಲೆಯೆತ್ತಿ ಭವ್ಯಾಳನ್ನು ನೋಡುತ್ತಿದ್ದರು. ಭವ್ಯಾ ಎಂದೂ ಸಿಂಪಡಣೆಗೆ ಹೋದವಳಲ್ಲ. ಬೀಗದ ಕೈ ಇದ್ದದ್ದು ಅವಳ ಮನೆಯಲ್ಲಿ. ಅಪ್ಪ ಅಲ್ಲದಿದ್ದರೆ ಮತ್ತಾರು?

ಮೂರೂ ಇಪ್ಪತ್ತು.

"ಯಾಕೆ ಸುಳ್ಳು ಹೇಳಿದ್ರಿ?" ಎಂದು ಪವಿತ್ರಾ ಬೊಮ್ಮಯ್ಯನನ್ನು ಕೇಳಿದರು. ದನಿ ಮೃದುವಾಗಿತ್ತು, ಅದೇ ನನಗೆ ಭಯ ಹುಟ್ಟಿಸಿತು.

ಮುದುಕ ಒಂದೊಂದೇ ಮಾತಾಗಿ ಹೇಳಿದರು. ಶನಿವಾರ ರಾತ್ರಿ ಮಲಗುವಾಗ ಗೋಡೆಯ ಮೊಳೆಯ ಮೇಲೆ ಶೆಡ್ಡಿನ ಬೀಗದ ಕೈ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಇತ್ತು. ಮನೆಯಲ್ಲಿದ್ದವರು ಅವರು ಮತ್ತು ಮಗಳು, ಇಬ್ಬರೇ. ರೇಸಿನಲ್ಲಿ ಸುರೇಂದ್ರ ಬಿದ್ದ ಸುದ್ದಿ ಬಂದಾಗಿನಿಂದ ಅವರು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಭವ್ಯಾ ನಿಧಾನವಾಗಿ ಎದ್ದು ನಿಂತಳು.

"ಐದು ದಿನದಿಂದ ನಾನೇ ಮಾಡಿದ್ದು ಅನ್ಕೊಂಡಿದ್ರಾ ಅಪ್ಪ?"

ಬೊಮ್ಮಯ್ಯ ಬಗ್ಗಿ ಕಾಲಿಗೆ ಮೆತ್ತಿದ ಅನ್ನ ಒರೆಸಿಕೊಳ್ಳತೊಡಗಿದರು. ಮಗಳು ಕೊಲೆಗೆ ಹೊರಟವಳೆಂದು ನಂಬಿಯೂ ಅವಳಿಗೆ ಅನ್ನ ಕಟ್ಟಿಕೊಂಡು ಬಂದಿದ್ದ ಅಪ್ಪ, ಅದೂ ಸಾಲದೆಂದು ಇವತ್ತು ಅವಳ ಬದಲಿಗೆ ಜೈಲಿಗೆ ಹೊರಟಿದ್ದ. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ, ಬೈಕಿನ ಕಡೆ ತಿರುಗಿದೆ. ಕಣ್ಣೆದುರು ಆ ಹಳದಿ ದಾರವಿತ್ತು.

"ಭವ್ಯಾ," ಎಂದೆ, "ಈ ದಾರ ಕಟ್ಟಿದ್ದು ಯಾರು?"

ಅವಳು ಅಪ್ಪನನ್ನು ನೋಡಿದಳು. ಆಮೇಲೆ ಪವಿತ್ರಾ ಅವರನ್ನು.

"ಎಸ್ಟೇಟಿನ ಬೀಗದ ಕೈ ಹೊರಗಿನವರಿಗೆ ಕೊಟ್ಟೆ ಅಂತ ಗೊತ್ತಾದ್ರೆ ಅಪ್ಪನ ಕೆಲ್ಸ ಹೋಗುತ್ತೆ ಮೇಡಂ. ಎಸ್ಟೇಟಿನವ್ರು ಕೊಟ್ಟ ಲೈನ್ ಮನೆನೂ ಬಿಡ್ಬೇಕು. ಅದಕ್ಕೇ ಹೇಳ್ಲಿಲ್ಲ. ಮತ್ತೆ ಅವಳಿಗೆ ಮಾತೂ ಕೊಟ್ಟಿದ್ದೆ."

"ಯಾರಿಗೆ?"

"ನಾವಿಬ್ರೂ ಒಂದೇ ಬೆಂಚಲ್ಲಿ ಓದಿದ್ದು. ಕಳಸದ ದೇವಸ್ಥಾನದಿಂದ ಪ್ರಸಾದದ ದಾರ ತಂದಿದೀನಿ, ಅವ್ರಿಗೆ ಗೊತ್ತಾಗದ ಹಾಗೆ ಗಾಡಿಗೆ ಕಟ್ಬೇಕು, ಗೊತ್ತಾದ್ರೆ ನಗ್ತಾರೆ ಅಂದ್ಲು. ಅಪ್ಪ ಸ್ನಾನಕ್ಕೆ ಹೋದಾಗ ಬೀಗದ ಕೈ ತೆಗ್ದು ಕೊಟ್ಟೆ. ಬೆಳಿಗ್ಗೆ ಆರು ಗಂಟೆಗೆ ವಾಪಸ್ ತಂದ್ಕೊಟ್ಲು." ಅವಳು ದಾರದ ಕಡೆ ಕೈ ತೋರಿದಳು. "ಕೃತಿಕಾ, ಸಾರ್. ಸುರೇಂದ್ರನ ಹೆಂಡ್ತಿ."

ಕೃತಿಕಾ ಹೊನ್ನೆಕಾಡಿನ ಪಕ್ಕದ ತೋಟದವರ ಮಗಳು. ವರ್ಷವರ್ಷವೂ ನೀಲಿ ಡ್ರಮ್ಮು ನೋಡಿ ಬೆಳೆದವಳು, ಅದಕ್ಕೆ ಒಮ್ಮೆಯೂ ಕೈಯಿಡದವಳು. ಭವ್ಯಾಳ ಮೇಲೆ ದೂರು ಬರೆದು ಸಹಿ ಹಾಕಿದವಳೂ ಅವಳೇ.

ಪವಿತ್ರಾ ಕಾಗದವನ್ನು ಮಡಚಿ ಜೇಬಿಗಿಟ್ಟು, ಮಂಗಳೂರಿನ ಆಸ್ಪತ್ರೆಯಲ್ಲಿ ಸುರೇಂದ್ರನ ಕೋಣೆಯ ಕಾವಲಿಗೆ ಹಾಕಿದ್ದ ಪೇದೆ ಚಿಕ್ಕಯ್ಯನಿಗೆ ಫೋನು ಮಾಡಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಐದು ಸಲ ರಿಂಗಾದ ಮೇಲೆ ಅವನು ಎತ್ತಿದ. ಹಿಂದೆ ಲೋಟ ತಟ್ಟೆಗಳ ಸದ್ದು.

"ನಾನೇ ಮಾಡ್ಬೇಕು ಅನ್ಕೊಂಡಿದ್ದೆ ಮೇಡಂ, ಒಳ್ಳೆ ಸುದ್ದಿ," ಎಂದ ಚಿಕ್ಕಯ್ಯ. "ಸುರೇಂದ್ರ ಅವ್ರು ಕಣ್ ಬಿಟ್ರು. ಏನೋ ಹೇಳಕ್ಕೆ ನೋಡ್ತಿದ್ದಾರೆ."

"ನೀವೆಲ್ಲಿದೀರ ಚಿಕ್ಕಯ್ಯ?"

"ಕ್ಯಾಂಟೀನಲ್ಲಿ ಮೇಡಂ. ಅವ್ರ ಹೆಂಡ್ತಿ ಕೃತಿಕಾ ಅವ್ರು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು, ಹೋಗಿ ಊಟ ಮಾಡ್ಕೊಂಡು ಬನ್ನಿ, ಇವ್ರ ಹತ್ರ ನಾನಿರ್ತೀನಿ ಅಂದ್ರು. ನರ್ಸಮ್ಮನ್ನೂ ಹೊರಗೆ ಕಳ್ಸಿ ಬಾಗ್ಲು ಹಾಕ್ಕೊಂಡ್ರು."